ಮನೆ ತುಂಬ ಗಿಡಗಳೇ? ನೀರೆರೆಯುವ ಮುನ್ನ ಕುಂಡ ಎತ್ತಿ ನೋಡಿ

ಬೆಂಗಳೂರು: ಈ ವರದಿಗಾರನ ತಾಯಿಯವರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಾಗ ಮನೆಯಲ್ಲಿ 84 ಕುಂಡಗಳಿದ್ದವು. ಬಾಲ್ಕನಿಯಲ್ಲಿ ನಲವತ್ತಕ್ಕೂ ಹೆಚ್ಚು, ನಡುಮನೆಯ ಕಿಟಕಿಯ ಬಳಿ ಇಪ್ಪತ್ತು, ಉಳಿದವು ಮೆಟ್ಟಿಲ ಮೇಲೆ, ಅಡುಗೆಮನೆಯ ಕಟ್ಟೆಯ ಮೇಲೆ, ದೇವರಮನೆಯ ಪಕ್ಕದಲ್ಲಿ. "ಗಿಡಗಳನ್ನ ಸ್ವಲ್ಪ ನೋಡ್ಕೊಳ್ಳೋ" ಎಂಬ ಒಂದೇ ಮಾತು ಹೇಳಿ ಅವರು ವಿಮಾನ ಹತ್ತಿದರು. ಮಗ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಪ್ರತಿದಿನ ಬೆಳಿಗ್ಗೆ ಎಲ್ಲ ಕುಂಡಗಳಿಗೂ ತಲಾ ಒಂದು ಚೊಂಬು ನೀರು ಹಾಕಿದ. ಅದು ಜೂನ್ ತಿಂಗಳು. ಆಕಾಶದಲ್ಲಿ ಸದಾ ಮೋಡ, ಗಾಳಿಯಲ್ಲಿ ತೇವ. ಜುಲೈ ಮುಗಿಯುವ ವೇಳೆಗೆ 23 ಗಿಡಗಳು ಸತ್ತಿದ್ದವು.

ಅಳುಕುತ್ತಲೇ ಫೋನಿನಲ್ಲಿ ವಿಷಯ ತಿಳಿಸಿದಾಗ ತಾಯಿಯವರು ಬೈಯಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ನೀರು ಹಾಕೋಕೆ ಮುಂಚೆ ಕುಂಡ ಎತ್ತಿ ನೋಡಿದ್ಯೇನೋ?" ನೋಡಿರಲಿಲ್ಲ. 'ನೋಡಿಕೊಳ್ಳುವುದು' ಎಂಬ ಪದದಲ್ಲಿಯೇ 'ನೋಡುವುದು' ಅಡಗಿದೆ ಎಂಬುದು ಅಂದಿನವರೆಗೂ ಹೊಳೆದಿರಲಿಲ್ಲ.

2020ರ ಲಾಕ್‌ಡೌನ್ ದಿನಗಳಲ್ಲಿ ಮನೆಯೊಳಗೆ ಗಿಡ ಬೆಳೆಸುವ ಹವ್ಯಾಸವನ್ನು ಅನೇಕರು ಹಚ್ಚಿಕೊಂಡರು. ಅಂದು ನಾಲ್ಕು ಕುಂಡಗಳಿಂದ ಆರಂಭಿಸಿದವರಲ್ಲಿ ಕೆಲವರ ಮನೆಯಲ್ಲಿ ಇಂದು ನಲವತ್ತು, ಎಂಬತ್ತು, ನೂರು ಕುಂಡಗಳಿವೆ. ಜನವರಿ ಮತ್ತು ಆಗಸ್ಟ್ ತಿಂಗಳ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಬರಿಗೈಯಲ್ಲಿ ಹಿಂದಿರುಗುವುದು ಅಪರೂಪ. ಸಮೀಪದ ಸಿದ್ದಾಪುರದ ನರ್ಸರಿಗಳಲ್ಲಿ ಒಂದು ಗಿಡ ಕೊಳ್ಳಲು ಹೋಗಿ ಐದು ತರುವವರೇ ಹೆಚ್ಚು. ಆದರೆ ನಾಲ್ಕು ಗಿಡಗಳನ್ನು ಸಾಕುವ ರೀತಿ ಬೇರೆ, ನೂರು ಗಿಡಗಳನ್ನು ಸಾಕುವ ರೀತಿಯೇ ಬೇರೆ. ನಾಲ್ಕು ಗಿಡಗಳ ಗುಣಾವಗುಣಗಳು ನೆನಪಿನಲ್ಲಿರುತ್ತವೆ. ನೂರು ಗಿಡಗಳಿಗೆ ಒಂದು ವ್ಯವಸ್ಥೆಯೇ ಬೇಕು. ಆ ವ್ಯವಸ್ಥೆ ಹೇಗಿರಬೇಕು ಎಂಬುದರ ವಿವರ ಇಲ್ಲಿದೆ.

ಕೊಲ್ಲುವುದು ಬಾಯಾರಿಕೆಯಲ್ಲ

ಕುಂಡದ ಗಿಡಗಳು ನೀರಿಲ್ಲದೆ ಸಾಯುತ್ತವೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಮನೆಯೊಳಗಿನ ಗಿಡಗಳ ಮಟ್ಟಿಗೆ ಅತಿಯಾದ ನೀರೇ ದೊಡ್ಡ ಶತ್ರು. ಬೇರುಗಳೂ ಉಸಿರಾಡುತ್ತವೆ. ಮಣ್ಣಿನ ಕಣಗಳ ನಡುವಿನ ಸೂಕ್ಷ್ಮ ಸಂದುಗಳಲ್ಲಿರುವ ಗಾಳಿಯಿಂದ ಅವು ಆಮ್ಲಜನಕವನ್ನು ಪಡೆಯುತ್ತವೆ. ಆ ಸಂದುಗಳೆಲ್ಲ ದಿನಗಟ್ಟಲೆ ನೀರಿನಿಂದ ತುಂಬಿಕೊಂಡರೆ ಬೇರು ಉಸಿರುಗಟ್ಟಿ ಸಾಯುತ್ತದೆ. ಸತ್ತ ಬೇರಿಗೆ ಶಿಲೀಂಧ್ರ ಮತ್ತು ಅದರಂತಹ ಇತರ ಸೂಕ್ಷ್ಮಜೀವಿಗಳು ತಗುಲಿ ಕೊಳೆ ಆರಂಭವಾಗುತ್ತದೆ.

ಇಲ್ಲಿಯೇ ಅನೇಕರು ಎಡವುವುದು. ಬೇರು ಸತ್ತ ಗಿಡ ನೀರನ್ನು ಹೀರಲಾರದು. ಹೀಗಾಗಿ ಎಲೆಗಳು ಬಾಡಿ ಜೋತು ಬೀಳುತ್ತವೆ. ನೀರಿಲ್ಲದ ಗಿಡವೂ ಹಾಗೆಯೇ ಜೋತು ಬೀಳುತ್ತದೆ. ಎರಡರ ಲಕ್ಷಣವೂ ಒಂದೇ ಆದ್ದರಿಂದ ಬಾಡಿದ ಗಿಡವನ್ನು ಕಂಡೊಡನೆ ಮತ್ತಷ್ಟು ನೀರು ಹಾಕುತ್ತೇವೆ. ಉಳಿದ ಬೇರುಗಳೂ ಕೊಳೆಯುತ್ತವೆ.

ಇದನ್ನು ತಪ್ಪಿಸುವ ಉಪಾಯ ಬಹಳ ಸುಲಭ. ತೋರುಬೆರಳನ್ನು ಎರಡು ಗೆಣ್ಣು ಆಳದವರೆಗೆ ಮಣ್ಣಿನಲ್ಲಿ ಇಳಿಸಿ ನೋಡುವುದು ಒಂದು ವಿಧಾನ. ಕುಂಡವನ್ನು ಎತ್ತಿ ತೂಕ ನೋಡುವುದು ಇನ್ನೊಂದು. ನೀರು ಹಾಕಿದ ಕೂಡಲೇ ಒಮ್ಮೆ ಎತ್ತಿ ನೋಡಿ, ನಾಲ್ಕು ದಿನ ಬಿಟ್ಟು ಮತ್ತೊಮ್ಮೆ ಎತ್ತಿದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ. ದೊಡ್ಡ ಕುಂಡವನ್ನು ಎತ್ತಲಾಗದಿದ್ದರೆ ಒಂದು ಬದಿಯಿಂದ ತುಸು ವಾಲಿಸಿದರೂ ಸಾಕು. ಬೆರಳು ಮೇಲಿನ ಮಣ್ಣಿನ ಸ್ಥಿತಿಯನ್ನಷ್ಟೇ ಹೇಳಬಲ್ಲದು. ತೂಕವು ಇಡೀ ಕುಂಡದ ಸ್ಥಿತಿಯನ್ನು ಹೇಳುತ್ತದೆ.

ನೀರು ಹಾಕುವುದೆಂದು ನಿರ್ಧರಿಸಿದ ಮೇಲೆ ಜಿಪುಣತನ ಬೇಡ. ಕೆಳಗಿನ ರಂಧ್ರದಿಂದ ನೀರು ಹೊರಬರುವವರೆಗೆ ನಿಧಾನವಾಗಿ ಹಾಕಬೇಕು. ಕಾಲು ಗಂಟೆಯ ನಂತರ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ದಿನವೂ ಸ್ವಲ್ಪ ಸ್ವಲ್ಪ ಹಾಕಿದರೆ ಮೇಲ್ಪದರ ಮಾತ್ರ ಸದಾ ಒದ್ದೆಯಾಗಿರುತ್ತದೆ, ತಳದ ಬೇರಿಗೆ ನೀರು ತಲುಪುವುದೇ ಇಲ್ಲ.

ಬಾಯಾರಿಕೆಗೆ ತಕ್ಕ ಪಂಕ್ತಿ

ನೂರು ಕುಂಡಗಳನ್ನು ದಿನವೂ ಒಂದೊಂದಾಗಿ ಎತ್ತಿ ನೋಡಲು ಯಾರಿಗೆ ಪುರುಸೊತ್ತಿದೆ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ, ಮದುವೆ ಮನೆಯ ಊಟದಂತೆ ಗಿಡಗಳಿಗೂ ಪಂಕ್ತಿ ಮಾಡಿ ಕೂರಿಸುವುದು. ಅಂದವನ್ನಷ್ಟೇ ನೋಡಿ ಜೋಡಿಸದೆ, ಬಾಯಾರಿಕೆಗೆ ಅನುಗುಣವಾಗಿ ಮೂರು ಗುಂಪುಗಳನ್ನು ಮಾಡಬೇಕು.

ಮೊದಲ ಪಂಕ್ತಿಯಲ್ಲಿ ಸದಾ ತೇವ ಬಯಸುವ ಜರೀಗಿಡಗಳು, ಪೀಸ್ ಲಿಲಿ, ಕ್ಯಾಲೇಡಿಯಂ ಮುಂತಾದವು. ಇವನ್ನು ಎರಡು ಮೂರು ದಿನಗಳಿಗೊಮ್ಮೆ ಪರೀಕ್ಷಿಸಬೇಕು. ಎರಡನೆಯ ಪಂಕ್ತಿಯಲ್ಲಿ ಮನಿಪ್ಲಾಂಟ್, ಫಿಲೊಡೆಂಡ್ರಾನ್, ಸ್ಪೈಡರ್ ಪ್ಲಾಂಟ್, ಅಗ್ಲೋನಿಮಾ, ಆಂಥೂರಿಯಂ, ರಬ್ಬರ್ ಗಿಡ. ಇವುಗಳ ಮೇಲ್ಮಣ್ಣು ಒಣಗಿದ ನಂತರವೇ ನೀರು. ವಾರಕ್ಕೆ ಒಂದೆರಡು ಬಾರಿ ಪರೀಕ್ಷಿಸಿದರೆ ಸಾಕು. ಮೂರನೆಯ ಪಂಕ್ತಿಯಲ್ಲಿ ಸ್ನೇಕ್ ಪ್ಲಾಂಟ್, ಝೀಝೀ, ಲೋಳೆಸರ, ಜೇಡ್ ಮತ್ತು ಕಳ್ಳಿಗಳು. ಇವುಗಳ ಮಣ್ಣು ಪೂರ್ತಿ ಒಣಗಬೇಕು. ಮಳೆಗಾಲದಲ್ಲಿ ಹದಿನೈದು ಇಪ್ಪತ್ತು ದಿನ ನೀರು ಕಾಣದಿದ್ದರೂ ಇವಕ್ಕೆ ಚಿಂತೆಯಿಲ್ಲ. ಈ ವರದಿಗಾರನ ಮನೆಯಲ್ಲಿ ಸತ್ತ 23 ಗಿಡಗಳ ಪೈಕಿ ಹೆಚ್ಚಿನವು ಈ ಮೂರನೆಯ ಪಂಕ್ತಿಗೆ ಸೇರಿದ್ದವು ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಈ ವ್ಯತ್ಯಾಸದ ಮೂಲ ಆಯಾ ಗಿಡದ ತವರಿನಲ್ಲಿದೆ. ಪಶ್ಚಿಮ ಆಫ್ರಿಕದ ಸ್ನೇಕ್ ಪ್ಲಾಂಟ್ ದಪ್ಪ ಎಲೆಗಳಲ್ಲಿಯೂ, ಪೂರ್ವ ಆಫ್ರಿಕದ ಝೀಝೀ ನೆಲದೊಳಗಿನ ಗೆಡ್ಡೆಗಳಲ್ಲಿಯೂ ಬರಗಾಲಕ್ಕೆಂದು ನೀರನ್ನು ಕೂಡಿಟ್ಟುಕೊಳ್ಳುತ್ತವೆ. ಪೀಸ್ ಲಿಲಿಯ ಬಹುತೇಕ ಜಾತಿಗಳು ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳ ನೆರಳಿನಲ್ಲಿ ಬೆಳೆದುಬಂದವು. ನಮ್ಮವರು ರಾತ್ರಿಯಿಡೀ ಕಾದು ಹೂವು ನೋಡುವ 'ಬ್ರಹ್ಮಕಮಲ'ವೂ ಕಳ್ಳಿಯ ಕುಟುಂಬದ್ದೇ ಆದರೂ ಮರುಭೂಮಿಯ ಗಿಡವಲ್ಲ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವಂಥದ್ದು. ಹೀಗಾಗಿ ಅದಕ್ಕೆ ಉರಿಬಿಸಿಲೂ ಸಲ್ಲದು, ಪೂರ್ತಿ ಬರವೂ ಸಲ್ಲದು. ಅದರ ಜಾಗ ಎರಡನೆಯ ಪಂಕ್ತಿಯಲ್ಲಿ.

ಒಂದೇ ಗುಂಪಿನ ಗಿಡಗಳಿಗೆ ಸಾಧ್ಯವಾದಷ್ಟು ಒಂದೇ ಬಗೆಯ ಕುಂಡಗಳನ್ನು ಬಳಸುವುದು ಇನ್ನೊಂದು ಅನುಕೂಲ. ಮಣ್ಣಿನ ಕುಂಡದ ಗೋಡೆಯಿಂದಲೂ ನೀರು ಆವಿಯಾಗುತ್ತದೆ, ಪ್ಲಾಸ್ಟಿಕ್ ಕುಂಡದಲ್ಲಿ ಹಾಗಾಗದು. ಎರಡನ್ನೂ ಬೆರೆಸಿಟ್ಟರೆ ಒಂದೇ ಜಾತಿಯ ಎರಡು ಗಿಡಗಳು ಎರಡು ದಿನಚರಿ ಕೇಳುತ್ತವೆ. ನೀರು ಹೆಚ್ಚು ಹಾಕುವ ಅಭ್ಯಾಸವುಳ್ಳವರಿಗೆ ಮಣ್ಣಿನ ಕುಂಡ, ಮರೆಯುವ ಅಭ್ಯಾಸವುಳ್ಳವರಿಗೆ ಪ್ಲಾಸ್ಟಿಕ್ ಕುಂಡ ಲೇಸು.

ಬೆಳಕಿನ ವಿಷಯದಲ್ಲಿ ಕಣ್ಣು ನಂಬಿಕಸ್ತನಲ್ಲ

ನೀರಿನ ಲೆಕ್ಕಕ್ಕೂ ಬೆಳಕಿಗೂ ನೇರ ಸಂಬಂಧವಿದೆ. ಬೆಳಕು ಕಡಿಮೆಯಾದಷ್ಟೂ ಗಿಡದ ಬೆಳವಣಿಗೆ ನಿಧಾನ, ನೀರಿನ ಬಳಕೆಯೂ ಕಡಿಮೆ. ಕಿಟಕಿಯಲ್ಲಿ ವಾರಕ್ಕೆ ಎರಡು ಬಾರಿ ನೀರು ಕೇಳುವ ಮನಿಪ್ಲಾಂಟ್ ಕೋಣೆಯ ಮೂಲೆಯಲ್ಲಿ ಹತ್ತು ದಿನಕ್ಕೊಮ್ಮೆ ಕೇಳಬಹುದು.

ಮನುಷ್ಯನ ಕಣ್ಣು ಮಂದ ಬೆಳಕಿಗೆ ಬೇಗನೆ ಹೊಂದಿಕೊಳ್ಳುವುದರಿಂದ ನಮಗೆ ಕೋಣೆಯೆಲ್ಲ ಒಂದೇ ಸಮನೆ ಬೆಳಗಿರುವಂತೆ ತೋರುತ್ತದೆ. ವಾಸ್ತವ ಬೇರೆ. ನಡುಹಗಲಿನ ಬಿಸಿಲಿನಲ್ಲಿ ಸುಮಾರು ಒಂದು ಲಕ್ಷ ಲಕ್ಸ್ ಬೆಳಕಿದ್ದರೆ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ ಅದು ಕೆಲವು ಸಾವಿರಕ್ಕೆ ಇಳಿಯುತ್ತದೆ. ಕೋಣೆಯ ಮಧ್ಯದಲ್ಲಿ ಕೆಲವು ನೂರು ಲಕ್ಸ್ ಉಳಿದರೆ ಹೆಚ್ಚು. ಮೊಬೈಲ್ ಫೋನಿನ ಉಚಿತ ಲಕ್ಸ್ ಮಾಪಕಗಳು ಕರಾರುವಾಕ್ಕಲ್ಲದಿದ್ದರೂ, ಮನೆಯ ಒಂದು ಜಾಗವನ್ನು ಇನ್ನೊಂದರೊಡನೆ ಹೋಲಿಸಲು ಸಾಕಾಗುತ್ತವೆ.

ದಿಕ್ಕಿನ ವಿಷಯದಲ್ಲಿಯೂ ಎಚ್ಚರ ಬೇಕು. ದಕ್ಷಿಣದ ಕಿಟಕಿಯೇ ಶ್ರೇಷ್ಠ, ಉತ್ತರದ ಕಿಟಕಿಗೆ ಬಿಸಿಲೇ ಬಾರದು ಎಂದು ಯೂರೋಪ್, ಅಮೆರಿಕದ ಪುಸ್ತಕಗಳು ಹೇಳುತ್ತವೆ. ಆ ಮಾತು ಆ ದೇಶಗಳಿಗೆ ಸರಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಇಲ್ಲಿ ಏಪ್ರಿಲ್ 24ರ ಹಾಗೂ ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. 'ಶೂನ್ಯ ನೆರಳಿನ ದಿನ' ಎನ್ನುವುದು ಇದನ್ನೇ. ಈ ಎರಡು ದಿನಾಂಕಗಳ ನಡುವೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಆದ್ದರಿಂದ ಮೇ ತಿಂಗಳಲ್ಲಿ ಉತ್ತರದ ಬಾಲ್ಕನಿಗೆ ನೇರ ಬಿಸಿಲು ಬಿದ್ದು ಅಗ್ಲೋನಿಮಾದ ಎಲೆ ಸುಟ್ಟರೆ ಆಶ್ಚರ್ಯಪಡಬೇಕಿಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದು, ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯೊಳಗೆ ಬಹುದೂರ ಬರುತ್ತದೆ. ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ಕುಂಡಗಳ ಸ್ಥಾನವನ್ನು ಪುನಃ ಪರಿಶೀಲಿಸುವುದು ಒಳ್ಳೆಯದು.

ಊರಿನ ಹವೆಯೂ ಮುಖ್ಯ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಎಲೆಚುಕ್ಕೆ ರೋಗವನ್ನು ತಡೆಯಲು ಕುಂಡಗಳ ನಡುವೆ ಗಾಳಿಯಾಡುವಷ್ಟು ಅಂತರ ಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅದೇ ಕುಂಡಗಳನ್ನು ಬಿಸಿಗಾಳಿ ತಾಗದ ಒಳಮನೆಗೆ ಸೇರಿಸಿ, ಒತ್ತೊತ್ತಾಗಿ ಇಡಬೇಕಾಗುತ್ತದೆ.

ಕುಂಡದ ಮಣ್ಣು ಹೊಲದ ಮಣ್ಣಲ್ಲ

ತೋಟದ ಮಣ್ಣನ್ನಷ್ಟೇ ಕುಂಡಕ್ಕೆ ತುಂಬಿದರೆ ಕೆಲವೇ ತಿಂಗಳಲ್ಲಿ ಅದು ಗಟ್ಟಿಯಾಗಿ, ನೀರು ಇಂಗದೆ ಬದಿಯಿಂದ ಜಾರಿಹೋಗುತ್ತದೆ. ಮನೆಯೊಳಗಿನ ಬಹುತೇಕ ಎಲೆಗಿಡಗಳಿಗೆ ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ತೆಂಗಿನ ನಾರಿನ ಪುಡಿ, ಅರ್ಧ ಪಾಲು ಎರೆಹುಳು ಗೊಬ್ಬರ, ಅರ್ಧ ಪಾಲು ದಪ್ಪ ಮರಳು ಅಥವಾ ಪರ್ಲೈಟ್ ಬೆರೆಸಿದ ಮಿಶ್ರಣ ಹೊಂದುತ್ತದೆ. ಕಳ್ಳಿ, ಲೋಳೆಸರಗಳಿಗೆ ಮರಳಿನ ಪಾಲನ್ನು ಇಮ್ಮಡಿ ಮಾಡಬೇಕು. ತೆಂಗಿನ ನಾರಿನ ಪುಡಿಯಲ್ಲಿ ಲವಣಾಂಶ ಇರುವುದುಂಟು. ತೊಳೆದು ಹಿಂಡಿ ಬಳಸುವುದು ಕ್ಷೇಮ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು 'ಅರ್ಕ ಫರ್ಮೆಂಟೆಡ್ ಕೋಕೋಪೀಟ್' ಎಂಬ ಹುದುಗಿಸಿದ ನಾರಿನ ಪುಡಿಯನ್ನು ರೂಪಿಸಿದೆ.

ಕುಂಡದ ತಳದಲ್ಲಿ ಜಲ್ಲಿಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಹಳೆಯದು. ಆದರೆ ನುಣುಪಾದ ಮಣ್ಣಿನಿಂದ ದೊಡ್ಡ ಕಲ್ಲಿನ ಪದರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ನೆನೆದ ನಂತರವಷ್ಟೇ ಕೆಳಗಿಳಿಯುತ್ತದೆ. ಪರಿಣಾಮವಾಗಿ ಕೆಸರಿನ ಪದರ ಬೇರಿನ ಸಮೀಪಕ್ಕೆ ಏರುತ್ತದೆ. ಮಣ್ಣು ಸೋರದಂತೆ ರಂಧ್ರದ ಮೇಲೆ ಒಂದು ಹೆಂಚಿನ ಚೂರು ಇಟ್ಟರೆ ಸಾಕು.

ಬೇರು ತಳದ ರಂಧ್ರದಿಂದ ಹೊರಬಂದಾಗ ಕುಂಡ ಬದಲಿಸಬೇಕು. ಹೊಸ ಕುಂಡ ಹಳೆಯದಕ್ಕಿಂತ ಒಂದೆರಡು ಅಂಗುಲ ಮಾತ್ರ ಅಗಲವಿರಲಿ. ಚಿಕ್ಕ ಗಿಡವನ್ನು ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ತಲುಪದ ಮಣ್ಣು ವಾರಗಟ್ಟಲೆ ಒಣಗದೆ ಕೊಳೆಗೆ ದಾರಿಯಾಗುತ್ತದೆ.

ಹೊಸ ಗಿಡ ಮೂರು ವಾರ ಹೊರಗಿರಲಿ

ಗಿಡಗಳ ಸಂಖ್ಯೆ ಹೆಚ್ಚಾದಾಗ ನೀರಿಗಿಂತಲೂ ದೊಡ್ಡ ಅಪಾಯವೊಂದಿದೆ. ಒಂದು ಗಿಡದ ಕೀಟ ಎಲ್ಲ ಗಿಡಗಳಿಗೂ ಹರಡುವ ಅಪಾಯವದು. ಎಲೆ ತಾಗುವಂತೆ ಇಟ್ಟ ಕುಂಡಗಳ ನಡುವೆ ಹಿಟ್ಟು ತಿಗಣೆಗಳು ಸಲೀಸಾಗಿ ದಾಟುತ್ತವೆ. ಎಲೆಯ ಬುಡದಲ್ಲಿ ಹತ್ತಿಯ ಚೂರಿನಂತೆ ಬಿಳಿಯಾಗಿ ಅಂಟಿಕೊಂಡು ರಸ ಹೀರುವ ಕೀಟ ಇದು. ಇವು ಸ್ರವಿಸುವ ಸಿಹಿ ಅಂಟಿಗಾಗಿ ಇರುವೆಗಳು ಇವನ್ನು ಕಾಯುತ್ತವೆ, ಒಂದು ಗಿಡದಿಂದ ಇನ್ನೊಂದಕ್ಕೆ ಹೊತ್ತೊಯ್ಯುವುದೂ ಉಂಟು. ಆದ್ದರಿಂದ ಕುಂಡದ ಮೇಲೆ ಇರುವೆಗಳ ಸಾಲು ಕಂಡರೆ ಎಲೆಯ ಅಡಿಯನ್ನು ಪರೀಕ್ಷಿಸುವುದು ಜಾಣತನ.

ನರ್ಸರಿಯಿಂದ ತಂದ ಹೊಸ ಗಿಡವಾಗಲಿ, ನೆಂಟರು ಕೊಟ್ಟ ಗಿಡವಾಗಲಿ ಮೂರು ವಾರ ಉಳಿದ ಗಿಡಗಳಿಂದ ದೂರವಿರಬೇಕು. ತಂದ ದಿನ ಕಾಣದ ಮೊಟ್ಟೆಗಳು ಅಷ್ಟರಲ್ಲಿ ಮರಿಯಾಗಿ ಕಣ್ಣಿಗೆ ಬೀಳುತ್ತವೆ. ಸ್ನಾನದ ಮನೆಯ ಕಿಟಕಿಯೋ ಮೆಟ್ಟಿಲ ತಿರುವೋ ಇದಕ್ಕೆ ಸಾಕು.

ಕೀಟ ಕಂಡುಬಂದರೆ ಆ ಕುಂಡವನ್ನು ಮೊದಲು ಬೇರ್ಪಡಿಸಬೇಕು. ಹತ್ತಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಕೀಟಗಳನ್ನು ಒರೆಸಿ ತೆಗೆಯಬೇಕು. ನಂತರ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಹಾಗೂ ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆಯ ವೇಳೆ ಎಲೆಯ ಮೇಲೂ ಕೆಳಗೂ ಸಿಂಪಡಿಸಬೇಕು. ಮೊಟ್ಟೆಗಳು ಮೊದಲ ಸಿಂಪಡಣೆಗೆ ಸಾಯದ ಕಾರಣ ವಾರಕ್ಕೊಮ್ಮೆಯಂತೆ ಮೂರು ನಾಲ್ಕು ವಾರ ಮುಂದುವರಿಸುವುದು ಅಗತ್ಯ. ಜರೀಗಿಡದಂತಹ ಸೂಕ್ಷ್ಮ ಗಿಡಗಳಿಗೆ ಮೊದಲು ಒಂದು ಎಲೆಯ ಮೇಲೆ ಪ್ರಯೋಗಿಸಿ ನೋಡಬೇಕು. ಮಾರ್ಚ್‌ನಿಂದ ಮೇವರೆಗಿನ ಒಣಹವೆಯಲ್ಲಿ ಕಾಡುವ ನುಸಿಗಳಿಗೆ ಎಲೆಯ ಅಡಿಯನ್ನು ನೀರಿನಿಂದ ತೊಳೆಯುತ್ತಿರುವುದೇ ಮೊದಲ ಮದ್ದು. ಮಣ್ಣಿನ ಮೇಲೆ ಹಾರಾಡುವ ಪುಟ್ಟ ಕಪ್ಪು ನೊಣಗಳು ನೀರು ಹೆಚ್ಚಾಗಿದೆ ಎಂಬುದರ ಸೂಚನೆ.

ಎಲೆಗಳಿಗೆ ಕೊಬ್ಬರಿ ಎಣ್ಣೆ ಸವರಿ ಮಿನುಗಿಸುವ ಅಭ್ಯಾಸ ಕೆಲವರಲ್ಲಿದೆ. ಎಣ್ಣೆ ಎಲೆಯ ರಂಧ್ರಗಳನ್ನು ಮುಚ್ಚುತ್ತದೆ, ಧೂಳನ್ನೂ ಹಿಡಿಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಒರೆಸುವಾಗಲೇ ಕೀಟವೂ ಕಣ್ಣಿಗೆ ಬೀಳುತ್ತದೆ.

ನೀರು ಎಲ್ಲಿಂದ ಬರಬೇಕು?

ನೂರು ಕುಂಡಗಳಿಗೆ ತಲಾ 300 ಮಿಲಿಲೀಟರ್ ಎಂದರೂ ಒಂದು ಸರದಿಗೆ 30 ಲೀಟರ್ ನೀರು ಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರು ತೀವ್ರ ನೀರಿನ ಅಭಾವವನ್ನು ಎದುರಿಸಿದಾಗ, ಜಲಮಂಡಳಿಯು ಮಾರ್ಚ್‌ನಲ್ಲಿ ವಾಹನ ತೊಳೆಯಲು, ಕೈತೋಟಕ್ಕೆ ಹಾಗೂ ಇತರ ಕೆಲವು ಉದ್ದೇಶಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಘೋಷಿಸಿತು. 2025ರ ಫೆಬ್ರವರಿಯಲ್ಲಿಯೂ ಅಂತಹದೇ ಆದೇಶ ಹೊರಬಿತ್ತು. ಟ್ಯಾಂಕರ್‌ಗಾಗಿ ಕಾಯುವ ಮನೆಯಲ್ಲಿ ಗಿಡಗಳಿಗೆ ನೀರು ಹಾಕುವುದು ಮನಸ್ಸಿಗೆ ಮುಜುಗರ ತರುವ ಕೆಲಸವೇ ಸರಿ.

ಆದರೆ ಅಡುಗೆಮನೆಯಲ್ಲಿಯೇ ಈ ನೀರಿನ ಬಹುಪಾಲು ದೊರೆಯುತ್ತದೆ. ಅಕ್ಕಿ, ಬೇಳೆ, ತರಕಾರಿ, ಸೊಪ್ಪು ತೊಳೆದ ನೀರು ಉಪ್ಪು ಬೆರೆತಿರದಿದ್ದರೆ ಗಿಡಗಳಿಗೆ ಒಳ್ಳೆಯದು. ಹುಳಿಯುವ ಮುನ್ನ ಅಂದೇ ಬಳಸಬೇಕು. ಹವಾನಿಯಂತ್ರಕದಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಬಹಳ ಕಡಿಮೆ, ಜರೀಗಿಡಗಳಿಗೆ ಅದು ಹಿತ. ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಮಾತ್ರ ಲವಣಗಳು ಸಾಂದ್ರವಾಗಿರುತ್ತವೆ. ಅದನ್ನು ನೆಲ ಒರೆಸಲು ಬಳಸುವುದು ಲೇಸು. ಕೊಳವೆಬಾವಿಯ ಗಡಸು ನೀರನ್ನೇ ಹಾಕುತ್ತಿದ್ದರೆ ಮಣ್ಣಿನ ಮೇಲೆ ಬಿಳಿಯ ಪದರ ಕಟ್ಟುತ್ತದೆ, ಎಲೆಗಳ ತುದಿ ಕಂದುತ್ತದೆ. ಮಳೆ ಬಂದಾಗ ಅಂತಹ ಕುಂಡಗಳನ್ನು ಒಂದೆರಡು ಗಂಟೆ ಹೊರಗಿಟ್ಟರೆ ಲವಣ ತೊಳೆದುಹೋಗುತ್ತದೆ.

ಸೊಳ್ಳೆ, ಮಗು ಮತ್ತು ಪ್ಯಾರಪೆಟ್ ಗೋಡೆ

ಕುಂಡದ ಕೆಳಗಿನ ತಟ್ಟೆಯ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ತಕ್ಕ ತಾಣ. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನಗಳು ಸಾಕು. 2024ರಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಆಸ್ಪದ ನೀಡುವವರಿಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿತು. ಈ ಸೊಳ್ಳೆಯ ಮೊಟ್ಟೆಗಳು ತಟ್ಟೆಯ ಅಂಚಿಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲವು. ಆದ್ದರಿಂದ ನೀರು ಚೆಲ್ಲಿದರಷ್ಟೇ ಸಾಲದು, ವಾರಕ್ಕೊಮ್ಮೆ ತಟ್ಟೆಯನ್ನು ಉಜ್ಜಿ ತೊಳೆಯಬೇಕು. ಬಾಟಲಿಯ ನೀರಿನಲ್ಲಿ ಬೆಳೆಸಿದ ಮನಿಪ್ಲಾಂಟ್‌ಗೂ ಇದೇ ನಿಯಮ.

ಡಿಫೆನ್‌ಬೇಕಿಯಾ, ಫಿಲೊಡೆಂಡ್ರಾನ್, ಮನಿಪ್ಲಾಂಟ್‌ಗಳ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂತಹ ಹರಳುಗಳಿವೆ. ಮಕ್ಕಳೋ ನಾಯಿ ಬೆಕ್ಕುಗಳೋ ಅಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಡಿಫೆನ್‌ಬೇಕಿಯಾ ಒಂದೇ ನಿಮಿಷದಲ್ಲಿ ಮಗುವನ್ನು ಕೊಲ್ಲುತ್ತದೆ ಎಂದು ಮೊಬೈಲ್‌ಗಳಲ್ಲಿ ಆಗಾಗ ಹರಿದಾಡುವ ಸಂದೇಶ ಉತ್ಪ್ರೇಕ್ಷೆಯದು. ಹಾಗೆಂದು ಉದಾಸೀನವೂ ಸಲ್ಲದು. ಇಂತಹ ಗಿಡಗಳನ್ನು ಮಕ್ಕಳ ಕೈಗೆಟುಕದ ಎತ್ತರದಲ್ಲಿಡಬೇಕು. ಮಗು ಅಗಿದದ್ದು ತಿಳಿದರೆ ಬಾಯಿ ತೊಳೆಸಿ ವೈದ್ಯರ ಬಳಿ ಕರೆದೊಯ್ಯಬೇಕು.

ತೂಕದ ಲೆಕ್ಕವನ್ನೂ ಮರೆಯುವಂತಿಲ್ಲ. ಹತ್ತು ಲೀಟರ್ ಹಿಡಿಯುವ ಕುಂಡದ ಮಣ್ಣು ನೆನೆದಾಗ 15 ಕಿಲೋ ದಾಟುವುದುಂಟು. ಅಂತಹ 20 ಕುಂಡಗಳನ್ನು ಬಾಲ್ಕನಿಯ ಹೊರ ಅಂಚಿನಲ್ಲಿಯೇ ಸಾಲಾಗಿಟ್ಟರೆ 300 ಕಿಲೋ ಭಾರ ಒಂದೇ ಕಡೆ ಬೀಳುತ್ತದೆ. ಭಾರದ ಕುಂಡಗಳು ಒಳಗೋಡೆಯ ಬದಿಗಿರಲಿ. ಪ್ಯಾರಪೆಟ್ ಗೋಡೆಯ ಮೇಲಂತೂ ಕುಂಡ ಬೇಡವೇ ಬೇಡ. ಮೂರನೆಯ ಮಹಡಿಯಿಂದ ಬೀಳುವ ಕುಂಡಕ್ಕೆ ಕೆಳಗೆ ನಡೆದುಹೋಗುವವರು ಯಾರೆಂಬುದು ತಿಳಿಯದು.

ಗಾಳಿ ಶುದ್ಧವಾಗುವುದೇ?

ಮನೆ ತುಂಬ ಗಿಡಗಳಿದ್ದರೆ ಗಾಳಿ ಶುದ್ಧವಾಗುತ್ತದೆ ಎಂಬ ಮಾತು ನರ್ಸರಿಗಳಲ್ಲಿ ಕೇಳಿಬರುವುದು ಸಾಮಾನ್ಯ. ಇದರ ಮೂಲ 1989ರಲ್ಲಿ ನಾಸಾ ಸಂಸ್ಥೆಯ ವಿಜ್ಞಾನಿ ಬಿಲ್ ವೂಲ್ವರ್ಟನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಅದು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಅಂತಹ ಹಲವು ಅಧ್ಯಯನಗಳನ್ನು ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಮರುಪರಿಶೀಲಿಸಿದರು. ಕಟ್ಟಡಗಳಲ್ಲಿ ಸಹಜವಾಗಿ ಆಗುವ ಗಾಳಿ ಸಂಚಾರಕ್ಕೆ ಸಮನಾಗಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡಗಳು ಬೇಕಾದೀತು ಎಂಬ ನಿರ್ಣಯಕ್ಕೆ ಅವರು ಬಂದರು. ಗಾಳಿಗಾಗಿ ಕಿಟಕಿ ತೆರೆಯುವುದೇ ಉತ್ತಮ. ಗಿಡ ಸಾಕಲು ಅದರ ಚೆಲುವು, ಅದು ಕೊಡುವ ಸಂತೋಷ ಇವೆರಡು ಕಾರಣಗಳೇ ಸಾಕಲ್ಲವೇ?

ಊರಿಗೆ ಹೊರಡುವಾಗ

ವಾರದ ಮಟ್ಟಿಗೆ ಊರಿಗೆ ಹೋಗುವುದಾದರೆ ಹಿಂದಿನ ದಿನ ಎಲ್ಲ ಕುಂಡಗಳನ್ನೂ ಪರೀಕ್ಷಿಸಿ, ಬೇಕಾದವುಗಳಿಗೆ ಪೂರ್ತಿ ನೀರು ಹಾಕಿ, ಬಿಸಿಲಿನಿಂದ ಒಳಗೆ ಸರಿಸಿದರೆ ಸಾಕು. ಮೊದಲ ಪಂಕ್ತಿಯ ಗಿಡಗಳಿಗೆ ಹತ್ತಿಯ ದಪ್ಪ ದಾರದ ಒಂದು ತುದಿಯನ್ನು ನೀರಿನ ಬಾಟಲಿಯಲ್ಲಿಯೂ ಇನ್ನೊಂದು ತುದಿಯನ್ನು ಮಣ್ಣಿನಲ್ಲಿಯೂ ಹೂತಿಟ್ಟರೆ ದೀಪದ ಬತ್ತಿ ಎಣ್ಣೆ ಹೀರುವಂತೆ ಮಣ್ಣು ನೀರು ಹೀರಿಕೊಳ್ಳುತ್ತದೆ. ಸೊಳ್ಳೆ ಇಳಿಯದಂತೆ ಬಾಟಲಿಯ ಬಾಯಿಯನ್ನು ಮುಚ್ಚುವುದು ಅಗತ್ಯ.

ತಿಂಗಳುಗಟ್ಟಲೆ ಹೋಗುವುದಾದರೆ ಬರಹ ಬೇಕು. ಬಹಳಷ್ಟು ಮನೆಗಳಲ್ಲಿ ಗಿಡಗಳ ವಿಷಯ ತಿಳಿದವರು ಒಬ್ಬರೇ, ಸಾಮಾನ್ಯವಾಗಿ ಮನೆಯ ಹಿರಿಯ ಹೆಂಗಸು. ಅವರು ಮಕ್ಕಳ ಮನೆಗೆ ಹೋದಾಗ, ಆಸ್ಪತ್ರೆ ಸೇರಿದಾಗ ಆ ತಿಳಿವಳಿಕೆಯೂ ಅವರೊಡನೆ ಹೋಗಿಬಿಡುತ್ತದೆ. ಪ್ರತಿ ಕುಂಡಕ್ಕೂ ಐಸ್‌ಕ್ರೀಂ ಕಡ್ಡಿಯೊಂದನ್ನು ಚುಚ್ಚಿ, ಗಿಡದ ಹೆಸರು, ಪಂಕ್ತಿಯ ಸಂಖ್ಯೆ, ಕುಂಡ ಬದಲಿಸಿದ ತಿಂಗಳು ಬರೆದಿಟ್ಟರೆ ಈ ತೊಂದರೆ ತಪ್ಪುತ್ತದೆ. ಹಳೆಯ ಡೈರಿಯಲ್ಲಿ ವಾರಕ್ಕೆ ಎರಡು ಸಾಲು ಬರೆದರೂ ಸಾಕು. ಹೋಗುವಾಗ ನೆರೆಯವರಿಗೆ "ನೀರು ಹಾಕಿ" ಎನ್ನುವ ಬದಲು "ಒಂದು ಎಂದು ಬರೆದಿರುವ ಕುಂಡಗಳ ಮಣ್ಣು ಮುಟ್ಟಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ" ಎಂದು ಹೇಳಬೇಕು.

ಎಷ್ಟು ಗಿಡ ಸಾಕು?

ಒಂದು ಕುಂಡಕ್ಕೆ ವಾರಕ್ಕೆ ಎರಡು ನಿಮಿಷ ಎಂದಿಟ್ಟುಕೊಂಡರೂ ನೂರು ಕುಂಡಗಳಿಗೆ 3 ಗಂಟೆ 20 ನಿಮಿಷ ಬೇಕು. ಅಷ್ಟು ಸಮಯ ನಿಜಕ್ಕೂ ಇದೆಯೇ ಎಂದು ಕೇಳಿಕೊಂಡು ಗಿಡಗಳ ಸಂಖ್ಯೆಯನ್ನು ನಿರ್ಧರಿಸಬೇಕೇ ಹೊರತು ಬಾಲ್ಕನಿಯಲ್ಲಿ ಉಳಿದ ಜಾಗವನ್ನು ನೋಡಿ ಅಲ್ಲ. ಹೆಚ್ಚಾದುದನ್ನು ಹಂಚುವುದರಲ್ಲಿ ನಷ್ಟವಿಲ್ಲ. ಅಪರೂಪದ ಗಿಡದ ಒಂದು ಕಡ್ಡಿಯನ್ನು ಗೆಳೆಯರ ಮನೆಯಲ್ಲಿ ನೆಟ್ಟಿದ್ದರೆ, ನಮ್ಮಲ್ಲಿ ಅದು ಸತ್ತಾಗ ಕೇಳಿ ತರಲು ಒಂದು ಮನೆಯಿರುತ್ತದೆ.

ನವೆಂಬರ್‌ನಲ್ಲಿ ತಾಯಿಯವರು ಹಿಂದಿರುಗಿದರು. ಸೂಟ್‌ಕೇಸ್ ಇಳಿಸಿದವರೇ ಬಾಲ್ಕನಿಗೆ ಹೋಗಿ ಉಳಿದ 61 ಕುಂಡಗಳನ್ನು ಒಂದೊಂದಾಗಿ ವಾಲಿಸಿ ನೋಡಿದರು. ಮೂರು ಪಂಕ್ತಿಗಳನ್ನೂ ಕಡ್ಡಿಗಳ ಮೇಲಿನ ಬರಹವನ್ನೂ ಗಮನಿಸಿದರು. ಸತ್ತವುಗಳಲ್ಲಿ ಹತ್ತಕ್ಕಿಂತ ಹೆಚ್ಚು ಗಿಡಗಳ ಕಡ್ಡಿಗಳು ಎದುರುಮನೆಯವರ ಬಳಿ ಬೆಳೆದುನಿಂತಿದ್ದವು. ಅವರೇ ಹಿಂದೊಮ್ಮೆ ಕೊಟ್ಟವು. ಅವುಗಳಲ್ಲಿ ಆರನ್ನು ಮಾತ್ರ ತಂದರು. "ಇಷ್ಟು ಸಾಕು, ಇಷ್ಟನ್ನ ನೋಡೋಕೆ ಆಗತ್ತೆ" ಎಂದರು.

ನೆನಪಿಡಬೇಕಾದ ಅಂಶಗಳು

* ದಿನಕ್ಕೊಮ್ಮೆ ನೋಡಿ. ಬೇಕಾದಾಗ ಮಾತ್ರ ನೀರು ಹಾಕಿ.
* ಕುಂಡ ಎತ್ತಿದಾಗ ಭಾರವಿದ್ದೂ ಗಿಡ ಬಾಡಿದ್ದರೆ ನೀರು ಹಾಕಬೇಡಿ, ಬೇರು ಪರೀಕ್ಷಿಸಿ.
* ಬಾಯಾರಿಕೆಗೆ ತಕ್ಕಂತೆ ಮೂರು ಗುಂಪು ಮಾಡಿ.
* ಹೊಸ ಗಿಡವನ್ನು ಮೂರು ವಾರ ಬೇರೆಯಾಗಿಡಿ.
* ವಾರಕ್ಕೊಮ್ಮೆ ತಟ್ಟೆಗಳನ್ನು ಉಜ್ಜಿ ತೊಳೆಯಿರಿ.
* ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಕುಂಡಗಳ ಜಾಗ ಮರುಪರಿಶೀಲಿಸಿ.
* ಗಿಡಗಳ ವಿವರ ಬರೆದಿಡಿ. ಮನೆಯ ಇನ್ನೊಬ್ಬರಿಗೂ ತಿಳಿಸಿ.